ಕಾಲು ಒದ್ದೆ ಮಾಡಿಕೊಳ್ಳಲು ಬಂದವರು

ಕಾಸರಕೋಡದ ಪವಿತ್ರಾ ಹೊಳೆಯಲ್ಲಿ ಈಜಿ ಬೆಳೆದವಳು. ಇಂಗ್ಲಿಷ್ ಕಿವಿಗೆ ಬಿದ್ದರೆ ಮಾತ್ರ ಅವಳ ಕೈಕಾಲು ಸೋಲುತ್ತಿತ್ತು. ಅವಳು ಮೀನು ಒಣಗಿಸುವ ಕೆಲಸ ಬಿಟ್ಟಿದ್ದಳು. ಗೋವಾದ ಹೋಟೆಲುಗಳಲ್ಲಿ ದುಡಿದು ಬಂದ ರಾಜೀವ ಶರಾವತಿ ದಡದಲ್ಲಿ ಪ್ರವಾಸಿಗರಿಗಾಗಿ ಇಟ್ಟಿದ್ದ ಕಯಾಕ್ ದೋಣಿಗಳನ್ನು ನೋಡಿಕೊಳ್ಳಲು ಅವಳು ಆಗಷ್ಟೇ ಸೇರಿದ್ದಳು. ಯಾರು ಎಂತ ಕೇಳಿದರೂ, ತಿಳಿಯಲಿ ಬಿಡಲಿ, "ಯೆಸ್, ಯೆಸ್" ಎಂದುಬಿಡುವಳು. ತಿಳಿಯಲಿಲ್ಲ ಅಂದರೆ ಕೆಲಸ ಹೋದೀತೆಂಬ ಅಂಜಿಕೆ.

ಆ ಮಧ್ಯಾಹ್ನ ರಾಜೀವ ಊಟಕ್ಕೆ ಹೋಗಿದ್ದ. ಇಳಿತದ ಹೊತ್ತು, ಹೊಳೆ ನೀರು ಅಳಿವೆ ದಾಟಿ ಸಮುದ್ರಕ್ಕೆ ಎಳೆಯುತ್ತಿತ್ತು. ಆಗ ಯಾರನ್ನೂ ದೋಣಿ ಹತ್ತಿಸುವ ಹಾಗಿರಲಿಲ್ಲ. ನರೆಗೂದಲಿನ ಹೆಂಗಸೊಬ್ಬರು ಬಂದು, ಕಯಾಕಿನ ಮೇಲೆ ಕೈಯಾಡಿಸಿ, "ಐ ಜಸ್ಟ್ ವಾಂಟ್ ಟು ಗೆಟ್ ಮೈ ಫೀಟ್ ವೆಟ್" ಎಂದು ನಕ್ಕರು.

ಫೀಟ್ ಅಂದರೆ ಪಾದ, ವೆಟ್ ಅಂದರೆ ಒದ್ದೆ. ಮೊಬೈಲಿನಲ್ಲಿ ಕಲಿತ ಶಬ್ದಗಳೇ! ದಡದಲ್ಲಿ ಕಾಲು ನೆನೆಸಿಕೊಳ್ಳಲಿ ಪಾಪ ಎಂದುಕೊಂಡು "ಯೆಸ್, ಯೆಸ್" ಅಂದವಳು ಲೈಫ್ ಜಾಕೆಟ್ ಒಣಹಾಕಲು ಬೆನ್ನು ತಿರುಗಿಸಿದಳು.

ಮತ್ತೆ ನೋಡಿದರೆ ದಡ ಖಾಲಿ. ಹಳದಿ ಕಯಾಕ್ ಅಡ್ಡಡ್ಡ ತಿರುಗುತ್ತ ಅಳಿವೆಯತ್ತ ಹೊರಟಿತ್ತು. ಜಾಕೆಟ್‌ಗಳೆಲ್ಲ ಇವಳ ಕೈಯಲ್ಲೇ ಇದ್ದವು.

ಪವಿತ್ರಾ ಇನ್ನೊಂದು ಕಯಾಕ್ ನೀರಿಗೆ ನೂಕಿ, ಉಸಿರು ಬಿಗಿಹಿಡಿದು ಹುಟ್ಟು ಹಾಕಿದಳು. ಮುಂದೆ ಅಲೆಗಳು ಬೆಳ್ಳಗೆ ಒಡೆಯುವುದು ಕಾಣುತ್ತಿತ್ತು. ಆ ಹೆಂಗಸು ಹುಟ್ಟನ್ನು ಎದೆಗವಚಿಕೊಂಡು ಕಲ್ಲಿನಂತೆ ಕೂತಿದ್ದರು.

"ಇದನ್ನ ಹಿಡೀರಿ! ಬಿಡಬೇಡಿ ಅಮ್ಮಾ!" ಎಂದು ಪವಿತ್ರಾ ತನ್ನ ಹುಟ್ಟು ಚಾಚಿದಳು.

ಕನ್ನಡ ಬಾರದಿದ್ದರೂ ಅವರು ಹಿಡಿದರು. ಸೆಳೆತ ಇಬ್ಬರನ್ನೂ ಒಯ್ಯುತ್ತಿತ್ತು. ಪವಿತ್ರಾ ಹೇಗೋ ದಡದಿಂದ ನೀರಿಗೆ ಬಾಗಿದ್ದ ಕಾಂಡ್ಲಾ ಗಿಡದ ಕೊಂಬೆಗೆ ಕೈ ಹಾಕಿ ಜೋತುಬಿದ್ದಳು. ಅಂಗೈ ಸುಲಿದು ರಕ್ತ ಬಂತು. ಅವಳ ಬೊಬ್ಬೆ ಕೇಳಿ ರಾಜೀವ ಎಂಜಿನ್ ದೋಣಿ ತರುವತನಕ ಹಾಗೇ ಇದ್ದಳು.

ದಡ ಸೇರಿದ ಮೇಲೆ ಅವಳು ನಡೆದದ್ದನ್ನೆಲ್ಲ ಹೇಳಿದಳು. ರಾಜೀವ ತಲೆ ಹಿಡಿದುಕೊಂಡು ಕೂತ.

"ಹೊಸತು ಎಂತಾದ್ರೂ ಸ್ವಲ್ಪ ಮಾಡಿ ನೋಡ್ತೆ ಅಂಬುಕೆ ಇಂಗ್ಲಿಷಲ್ಲಿ ಹಾಗೆ ಹೇಳ್ತಾರೆ. ಅವ್ರು ಕಯಾಕ್ ಹತ್ತಿ ನೋಡ್ತೆ ಅಂದದ್ದು, ಮಾರಾಯ್ತಿ."

"ಮತ್ತೆ ಕಾಲು?"

"ಕಾಲಿಗೂ ಅದಕ್ಕೂ ಸಂಬಂಧ ಇಲ್ಲ. ತಿಳೀಲಿಲ್ಲ ಅಂದ್ರೆ ತಿಳೀಲಿಲ್ಲ ಹೇಳು. ನಾ ಕೆಲಸದಿಂದ ತೆಗೆಯುದಿಲ್ಲ."

ವಾರದ ಮೇಲೆ ಯಾರೋ ಒಬ್ಬ ಬಂದು, "ಐ ವಿಲ್ ಗಿವ್ ಇಟ್ ಎ ಶಾಟ್" ಎಂದ. ಶಾಟ್ ಅಂದರೆ ಗುಂಡು ಹೊಡೆಯುವುದಲ್ಲವೇ? ಪವಿತ್ರಾ ಕಯಾಕಿನ ಹಗ್ಗ ಕೈಗೆ ಸುತ್ತಿಕೊಂಡು ಹೇಳಿದಳು: "ನೋ ಅಂಡರ್‌ಸ್ಟ್ಯಾಂಡ್. ಕೈ ಮಾಡಿ ತೋರ್ಸಿ."

ಅವನು ನಗಲಿಲ್ಲ. ಬೆರಳು ಮಾಡಿ ದೋಣಿ ತೋರಿಸಿ, ಹುಟ್ಟು ಹಾಕುವ ಹಾಗೆ ಕೈಯಾಡಿಸಿದ.