ಟೆಂಪೋದಲ್ಲಿ ಮಂಗಳಮ್ಮನ ಸೀಟು

ಒಂಟಿಕೊಪ್ಪಲಿನ ನಮ್ಮ ಎದುರುಮನೆ ಮಂಗಳಮ್ಮ ಹೋಗದ ಜಾಗವಿಲ್ಲ, ನೋಡಿದ ಜಾಗವೂ ಇಲ್ಲ. ಒಗಟಲ್ಲ ಕಣ್ರೀ, ನಿಜ. ಮನೆಯಲ್ಲೇ ಅಡುಗೆ ಮಾಡಿ ಆರ್ಡರಿಗೆ ಕೊಡುವವಳು ಅವಳು. ನಮ್ಮ ಪಾರ್ಕಿನ ವಾಕಿಂಗ್ ಗುಂಪು ಎಲ್ಲಿಗೆ ಹೊರಟರೂ ಪುಳಿಯೋಗರೆ, ಮೊಸರನ್ನದ ಪಾತ್ರೆಗಳ ಜೊತೆ ಅವಳೂ ಟೆಂಪೋ ಹತ್ತುತ್ತಾಳೆ. ಮೇಲುಕೋಟೆಗೆ ಹೋದಾಗ ನಾವೆಲ್ಲ ಬೆಟ್ಟ ಹತ್ತಿದೆವು. ಕೋತಿ ಕಾಟವೆಂದು ಅವಳು ಕೆಳಗೆ ಪಾತ್ರೆ ಕಾಯುತ್ತ ಕೂತಳು. ಶಿವನಸಮುದ್ರದಲ್ಲೂ ಅದೇ ಕಥೆ. "ಜಲಪಾತ ಎಂಗಿತ್ತು?" ಅಂತ ಗಂಡ ಸದಾಶಿವಯ್ಯ ಕೇಳಿದ್ದಕ್ಕೆ, "ಸದ್ದು ಚೆನ್ನಾಗಿತ್ತು" ಅಂದಳಂತೆ.

ಈ ಸಲ ಬಲಮುರಿ. ಕಾವೇರಿ ದಂಡೆ ಹಿಡಿದು ಒಂದು ದಿನದ ನಡಿಗೆ, ಬೆಳಗ್ಗೆ ಹೋಗಿ ಸಂಜೆಗೆ ವಾಪಸ್. ಪ್ಲಾನು ರಾಮಸ್ವಾಮಿಯವರದು. ಗುಂಪಿಗೆಲ್ಲ ಹಿರಿಯರು, ಮೊಬೈಲಿನಲ್ಲಿ ಏನಾದರೂ ಓದಿಬಿಟ್ಟರೆ ಮುಗಿಯಿತು, ನಮಗೆಲ್ಲ ಪಾಠ. ಸುದ್ದಿ ಕೇಳಿದ ದಿನವೇ ಮಂಗಳಮ್ಮ ನಮ್ಮ ಅಡುಗೆಮನೆಗೆ ಬಂದಳು.

"ಬಸಮ್ಮ, ಈ ಸಲ ನಾನೂ ನಡೀತೀನಿ ಕಣೇ. ಮಂಡಕಳ್ಳೀಲಿ ಹುಟ್ಟಿ ಹೊಲಗದ್ದೆ ತಿರುಗ್ದೋಳು ನಾನು. ಕಾಲು ತುಕ್ಕು ಹಿಡೀತಾ ಅದೆ."

"ಮತ್ತೆ ಪಾತ್ರೆ ಯಾರು ಕಾಯ್ತಾರೆ?" ಅಂದೆ.

"ಪಾತ್ರೇನೇ ಬ್ಯಾಡ. ಒಬ್ಬೊಬ್ರಿಗೂ ಒಂದೊಂದು ಎಲೆಪೊಟ್ಲ ಕಟ್ಬುಡ್ತೀನಿ. ಅವರವರ ಊಟ ಅವರವರ ಬೆನ್ ಮ್ಯಾಲೆ. ಕಾಯಕ್ಕೇನಿರ್ತದೆ?"

ಎಂಥ ತಲೆ ನೋಡಿ! ವಾರವೆಲ್ಲ ಅದೇ ಧ್ಯಾನ. ಬಾಳೆಲೆ ಹರಿಯಬಾರದೆಂದು ಒಲೆಯ ಮೇಲೆ ಬಾಡಿಸಿ ನೋಡಿದಳು. ಪಾಪ, ಸದಾಶಿವಯ್ಯನವರ ಬೆನ್ನಿಗೆ ಪೊಟ್ಟಣ ಕಟ್ಟಿ ಬೀದಿ ಸುತ್ತಿಸಿದಳು. ಅವರ ಬನಿಯನ್ನಿಗೆ ಗೊಜ್ಜು ಹತ್ತಿತು, ಇವಳು ಎಣ್ಣೆ ಕಡಿಮೆ ಮಾಡಿದಳು. ಮಗಳು ಸಿಂಚನಳ ಹಳೆಯ ಕ್ಯಾನ್ವಾಸ್ ಶೂ ತೊಳೆದು ಬಿಸಿಲಿಗೂ ಇಟ್ಟಳು.

ಶುಕ್ರವಾರ ಪಾರ್ಕಿನ ಕಲ್ಲುಬೆಂಚಿನ ಹತ್ತಿರ ಸಭೆ. ರಾಮಸ್ವಾಮಿ ಗಂಟಲು ಸರಿಮಾಡಿಕೊಂಡರು.

"ನೋಡಿ, ಇದು ಪಿಕ್‌ನಿಕ್ ಅಲ್ಲ, ಹೈಕ್. ಹೈಕಲ್ಲಿ ಹೊಟ್ಟೆಗೆ ಭಾರ ಆಗೋದು ತಿನ್ಬಾರ್ದು. ಬ್ರೆಡ್ಡು, ಜಾಮು, ಬಾಳೆಹಣ್ಣು ಸಾಕು, ನಾನೇ ತರ್ತೀನಿ. ನೀರಿಗಂತೂ ಯಾರೂ ಇಳಿಯೋ ಹಾಗಿಲ್ಲ, ಸುಳಿ ಇದೆ."

ಅಳಿಯ ಅಲ್ಲವಂತೆ, ಮಗಳ ಗಂಡನಂತೆ! ಹೊಳೆ ದಂಡೆಯಲ್ಲಿ ಕೂತು ತಿಂದರೆ ಅದಕ್ಕೆ ಪಿಕ್‌ನಿಕ್ ಅನ್ನದೆ ಇನ್ನೇನನ್ನುತ್ತಾರೆ? ನಾನು ಬಾಯಿ ತೆಗೆಯುವಷ್ಟರಲ್ಲಿ ಅವರೇ ಮುಂದುವರಿಸಿದರು. "ಅಡುಗೆ ಇಲ್ಲ ಅಂದ್ಮೇಲೆ ಟೆಂಪೋದಲ್ಲಿ ಅಡುಗೆ ಸೀಟು ಖಾಲಿ ಆಯ್ತು. ಅದನ್ನ ನಮ್ಮ ಗುಂಪಿಗೆ ಹೊಸದಾಗಿ ಸೇರಿರೋ ಗೋವಿಂದರಾಜುಗೆ ಕೊಟ್ಬಿಡೋಣ."

ಮಂಗಳಮ್ಮ ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳ ಮುಖ ನೋಡಲಾಗಲಿಲ್ಲ ನನಗೆ. ಮೈಯೆಲ್ಲ ಉರಿದುಹೋಯಿತು. "ಏನ್ ಮಾತೂಂತ ಆಡ್ತೀರಿ ಸಾರ್?" ಅಂತ ಶುರು ಮಾಡಿದೆನೋ ಇಲ್ಲವೋ, ಅವಳು ನನ್ನ ಸೆರಗು ಹಿಡಿದು ಎಳೆದಳು. ಬಿಟ್ಟುಬಿಡು ಅನ್ನುತ್ತಾಳೆ ಅಂದುಕೊಂಡೆ. ಇಲ್ಲ, ನನ್ನನ್ನು ಹಿಂದಕ್ಕೆ ಸರಿಸಿ ತಾನು ಮುಂದೆ ಬಂದಳು.

"ಸಾರ್, ಅದು ಅಡುಗೆ ಸೀಟಲ್ಲ. ನನ್ ಸೀಟು."

ಅಷ್ಟಕ್ಕೇ ನಿಲ್ಲಿಸಲಿಲ್ಲ. "ನಾನು ಬಡ್ಸಕ್ಕೆ ಬರ್ತಿಲ್ಲ, ನಡಿಯಕ್ಕೆ ಬರ್ತಿದ್ದೀನಿ. ಇಷ್ಟ್ ವರ್ಷ ಬೆಟ್ಟ ನೋಡ್ನಿಲ್ಲ, ಹೊಳೆ ನೋಡ್ನಿಲ್ಲ, ನಿಮ್ ಪಾತ್ರೆ ನೋಡ್ಕಂಡಿದ್ದೆ. ನಂಗೂ ಆಸೆ ಇರಲ್ವಾ?"

ರಾಮಸ್ವಾಮಿ ಕನ್ನಡಕ ತೆಗೆದು ಒರೆಸಿಕೊಂಡರು. ಮನುಷ್ಯ ಕೆಟ್ಟವರಲ್ಲ, ಯೋಚನೆ ಮಾಡಿರಲಿಲ್ಲ ಅಷ್ಟೆ. "ತಪ್ಪಾಯ್ತಮ್ಮ. ಸೀಟು ನಿಮ್ದೇ. ಗೋವಿಂದರಾಜು ಬೈಕಲ್ಲಿ ಬರ್ಲಿ" ಅಂದರು. ಆಮೇಲೆ ಸ್ವಲ್ಪ ಅಳುಕುತ್ತ ಕೇಳಿದರು: "ಎಲೆಪೊಟ್ಟಣ ಅಂತ ಏನೋ ಯೋಚ್ನೆ ಮಾಡಿದ್ರಂತಲ್ಲ?"

"ಅದು ಹಳೇ ಪ್ಲಾನು ಸಾರ್. ಈಗ ನಿಮ್ ಬ್ರೆಡ್ಡೇ."

ಎಲ್ಲರೂ ಗೊಳ್ಳೆಂದು ನಕ್ಕೆವು. ಪುಳಿಯೋಗರೆ ತಪ್ಪಿತಲ್ಲಾ ಎಂದು ನನ್ನ ಹೊಟ್ಟೆ ಮಾತ್ರ ಚುರ್ ಅಂದಿತು.

ಭಾನುವಾರ ಬಲಮುರಿಯಲ್ಲಿ ಟೆಂಪೋ ಇಳಿದವಳೇ ಮಂಗಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಡೆದಳು ನೋಡಿ, ನಾವೆಲ್ಲ ಏದುಸಿರು ಬಿಡುತ್ತ ಹಿಂದೆ. ಒಡ್ಡಿನ ಮೇಲಿಂದ ಕಾವೇರಿ ಧುಮುಕುವುದನ್ನು ಬಾಯಿ ಬಿಟ್ಟುಕೊಂಡು ನೋಡಿದಳು. ನೀರುಕಾಗೆ ಕಂಡರೂ ನಿಂತಳು, ಗದ್ದೆ ಕಂಡರೂ ನಿಂತಳು. "ಯಾರ್ದೋ ಏನೋ, ಒಂದು ಕಳೆ ಕಿತ್ತಿಲ್ಲ" ಅಂತ ಗದ್ದೆಯವನನ್ನು ಬೈದಳು.

ಮಧ್ಯಾಹ್ನ ಹೊಂಗೆಮರದ ನೆರಳಲ್ಲಿ ಕೂತೆವು. ರಾಮಸ್ವಾಮಿ ಬ್ರೆಡ್ಡಿಗೆ ಜಾಮು ಸವರಿ, ಕೈಯೆಲ್ಲ ಅಂಟು ಮಾಡಿಕೊಂಡು, ಎದ್ದು ಬಂದರು. ಮಂಗಳಮ್ಮ ಅಭ್ಯಾಸಬಲದಿಂದ ಏಳಹೋದಳು. "ಕೂತ್ಕೊಳ್ಳಮ್ಮ" ಎಂದು ಅವಳ ಕೈಗೇ ಮೊದಲು ಕೊಟ್ಟರು.

ಬ್ರೆಡ್ಡು ಒಣಗಿತ್ತು, ಜಾಮು ಬರೀ ಸಕ್ಕರೆ. ಅವಳು ಒಂದು ಚೂರೂ ಬಿಡದೆ ತಿಂದಳು. ಕಣ್ಣು ತುಂಬಿಕೊಂಡಿತ್ತು, ಬಾಯಿ ನಗುತ್ತಿತ್ತು. ನನ್ನ ಕಡೆ ವಾಲಿ ಪಿಸುಗುಟ್ಟಿದಳು:

"ಮೊದ್ಲು ನಂಗೇ ಕೊಟ್ರು, ನೋಡ್ದಾ?"