ಐದನೆಯ ಪುಸ್ತಕಕ್ಕೆ ನಕ್ಕವಳು

ಮಾರುಕಟ್ಟೆ ಬೀದಿಯ ಕನ್ನಡಕದಂಗಡಿಯ ಹಿಂಭಾಗದಲ್ಲಿ, ಪರದೆಯ ಆಚೆ, ಗಾಜು ಉಜ್ಜುವ ಯಂತ್ರದ ಮುಂದೆ ಅವಳ ದಿನ ಕಳೆಯುತ್ತಿತ್ತು. ಫ್ರೇಮಿನ ಅಳತೆಗೆ ಗಾಜಿನ ಅಂಚು ಸವೆಸುವುದು, ಹುಲ್ಲಿನ ಬೀಜದಷ್ಟು ಸಣ್ಣ ಸ್ಕ್ರೂ ಬಿಗಿಯುವುದು, ಮೂಗಿನಿಂದ ಜಾರುವ ಕನ್ನಡಕವನ್ನು ಬಿಸಿ ಮಾಡಿ ಬಗ್ಗಿಸುವುದು ಅವಳ ಕೆಲಸ. ಬೀದಿಗೆಲ್ಲ ಅವಳು ಕನ್ನಡಕದಕ್ಕ. ಮದುವೆ ಯಾಕಾಗಲಿಲ್ಲ ಎಂದು ಕೆದಕಿದವರಿಗೆ, "ಎಲ್ಲರ ನಂಬರೂ ನೋಡಿದೆ, ಯಾವುದೂ ನನಗೆ ಹೊಂದ್ಲಿಲ್ಲ" ಎಂದು ನಗಿಸಿ ಕಳಿಸುತ್ತಿದ್ದಳು. ಪರದೆಯ ಈಚೆ ಬಂದು ನಾಲ್ಕು ಜನರ ಮುಂದೆ ಮಾತಾಡು ಎಂದರೆ ಮಾತ್ರ ಬಾಯಿ ಒಣಗುತ್ತಿತ್ತು.

ಅತ್ತಿಗೆ ತೀರಿಕೊಂಡ ಮೇಲೆ ಅಣ್ಣ ಬಂದು ಕೇಳಿದ: "ನೀನು ನಮ್ಮ ಮನೇಲೇ ಇರ್ತೀಯಾ? ನಂಗೆ ಗೋದಾಮಿನ ಪಾಳಿ. ಮಗು ಒಂದೇ ಆಗುತ್ತೆ." ಅವಳು ತನ್ನ ಬಾಡಿಗೆ ಕೋಣೆ ಖಾಲಿ ಮಾಡಿ ಹೋದಳು. ಮಗು ಎಂದರೆ ಅವಳೆತ್ತರಕ್ಕೆ ಬೆಳೆದ ಹುಡುಗಿ. ಅತ್ತೆ ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೆ. ಶಾಲೆಯಿಂದ ಬಂದವಳೇ ಊಟದ ಮೇಜಿಗೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ಕೂತು ದಪ್ಪ ಪುಸ್ತಕವೊಂದನ್ನು ತೆರೆದರೆ ಮುಗಿಯಿತು.

ಈ ಹುಡುಗಿ ಅಷ್ಟು ಹೊತ್ತು ಎಲ್ಲಿ ಹೋಗಿರುತ್ತಾಳೆ ಎಂದು ತಿಳಿಯುವ ಆಸೆಗೆ ಅತ್ತೆ ಅದೇ ಪುಸ್ತಕವನ್ನು ಅಂಗಡಿಗೆ ಒಯ್ದಳು. ಗಾಳಿ ಕಾಯುವ ಹುಡುಗಿಯೊಬ್ಬಳ ಕಥೆ. ಕುರಿ ಕಾಯುವವರ ಹಾಗೆ ಆ ನಾಡಿನಲ್ಲಿ ಗಾಳಿ ಕಾಯುವವರಿದ್ದರು. ದಾರಿ ತಪ್ಪಿದ ಗಾಳಿಯನ್ನು ಶಿಳ್ಳೆ ಹೊಡೆದು ಮನೆಗೆ ಕರೆತರುತ್ತಿದ್ದರು. ಹರೆಯದ ಮಕ್ಕಳಿಗೆಂದು ಬರೆದದ್ದು. ನಡುವಯಸ್ಸಿನ ಹೆಂಗಸು ಯಂತ್ರ ನಿಲ್ಲಿಸಿ ಅದನ್ನು ಓದುತ್ತ ಕೂತಳು. ಮಾಲೀಕ ಬಂದು "ಅಕ್ಕಾ, ಆ ಮೇಷ್ಟ್ರ ಕನ್ನಡಕ ಏನಾಯ್ತು?" ಎಂದಾಗ ಬೆಚ್ಚಿಬಿದ್ದಳು.

ಅಂದು ಸಂಜೆ ಅವಳೇ ಮಾತು ತೆಗೆದಳು. "ನಿನ್ನ ಪುಸ್ತಕದ ಆ ಮುದಿ ಗಾಳಿ ಬದುಕುತ್ತಾ, ಇಲ್ವಾ? ಅದೊಂದು ಹೇಳಿಬಿಡು."

ಹುಡುಗಿ ತಲೆಯೆತ್ತಿದಳು. "ಹೇಳಲ್ಲ. ಓದು."

ಅಲ್ಲಿಂದ ಆ ಮನೆಯಲ್ಲಿ ಮಾತು ಹುಟ್ಟಿತು. ಆ ಸರಣಿಯ ಎರಡನೆಯ ಪುಸ್ತಕ, ಮೂರನೆಯದು ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಮೂರನೆಯದರಲ್ಲಿ ನಾಯಕಿಯ ತಾಯಿ ಬಿರುಗಾಳಿಯ ಬಾಯಿಗೆ ತಾನೇ ಅಡ್ಡ ನಿಂತು ಇಲ್ಲವಾಗುತ್ತಾಳೆ. ಆ ಪುಟಗಳನ್ನು ಓದಿದ ದಿನ ಅತ್ತೆ ಸೊಸೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಪಾತ್ರೆ ತೊಳೆಯುವಾಗ ಹುಡುಗಿ ಪಕ್ಕದಲ್ಲಿ ಬಂದು ನಿಂತು ಒರೆಸಿಕೊಟ್ಟಳು.

ನಾಲ್ಕನೆಯ ಪುಸ್ತಕ ಯಾಕೋ ಸಪ್ಪೆ ಎನಿಸಿತು. ಐದನೆಯದು ಬಂದಾಗ ಅತ್ತೆಗೆ ಮೈ ಉರಿಯಿತು. ಗಾಳಿಗಳ ಸುದ್ದಿಯೇ ಇಲ್ಲ, ಬರೀ ಅರಮನೆಯ ಜಗಳ. ಸಾಲದ್ದಕ್ಕೆ, ಸತ್ತ ತಾಯಿ ಒಂದು ಅಧ್ಯಾಯದ ಕೊನೆಯಲ್ಲಿ ಬಾಗಿಲು ತಳ್ಳಿಕೊಂಡು ಬಂದುಬಿಟ್ಟಳು. ಹೇಗೆ ಬಂದಳು ಎಂಬುದಕ್ಕೆ ಲೇಖಕ ಕೊಟ್ಟ ಕಾರಣ ಅರ್ಧ ಪುಟವೂ ಇರಲಿಲ್ಲ. ತನ್ನ ಕೈಯಿಂದ ಯಾರೋ ಏನನ್ನೋ ಕಸಿದುಕೊಂಡ ಹಾಗೆ ಅವಳಿಗೆ ಸಿಟ್ಟು. ಆ ಸಿಟ್ಟನ್ನು ತಮಾಷೆ ಮಾಡಿಕೊಂಡು ದಿನವೂ ಆಡಿದಳು. ಮನೆಗೆ ಬಂದರೆ, "ಇವತ್ತು ಯಾರು ಎದ್ದು ಬಂದ್ರು?" ಎನ್ನುವಳು. ಹುಡುಗಿಯೂ ನಗುತ್ತಿದ್ದಳು. ಹಾಗಾಗಿ ಇಬ್ಬರಿಗೂ ಒಂದೇ ಅಭಿಪ್ರಾಯ ಎಂದುಕೊಂಡಿದ್ದಳು.

ಆ ವರ್ಷ ಲೇಖಕ ಊರಿನ ಪುಸ್ತಕದಂಗಡಿಗೆ ಬಂದ. ಕಪಾಟುಗಳನ್ನು ಬದಿಗೆ ಸರಿಸಿ ಕುರ್ಚಿ ಹಾಕಿದ್ದರು. ತುಂಬ ಮಕ್ಕಳು, ಅಲ್ಲೊಬ್ಬರು ಇಲ್ಲೊಬ್ಬರು ತಾಯ್ತಂದೆ. ಲೇಖಕ ಬಡಕಲು ಮನುಷ್ಯ, ಮೈಕನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು ಮಾತಾಡುತ್ತಿದ್ದ. ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಕನ್ನಡಕದಕ್ಕ ಎದ್ದು ನಿಂತಳು. ಹೇಗೆ ನಿಂತಳೋ ಅವಳಿಗೇ ಗೊತ್ತಿಲ್ಲ.

"ಸರ್, ನಿಮ್ಮ ಮೊದಲ ಮೂರು ಪುಸ್ತಕಕ್ಕೆ ನಾನು ಕೆಲಸ ಬಿಟ್ಟು ಕೂತಿದ್ದೆ. ಈ ಐದನೇದು ಯಾರು ಬರೆದ್ರು?"

ಹಿಂದಿನಿಂದ ಯಾರೋ ಕಿಸಕ್ಕೆಂದರು. ಆ ಸದ್ದು ಅವಳಿಗೆ ಹುರುಪು ಕೊಟ್ಟಿತು.

"ಅಲ್ಲ, ಆ ತಾಯಿ ಬಿರುಗಾಳಿಗೆ ಜೀವ ಕೊಟ್ಟವಳು. ಈಗ ನೋಡಿದ್ರೆ ಸಂತೆಗೆ ಹೋದವಳ ಹಾಗೆ ವಾಪಸ್ ಬರ್ತಾಳೆ! ಬಂದವಳು ಸಾವಿನ ಆಚೆ ಏನಿದೆ ಅಂತ ಒಂದು ಮಾತು ಹೇಳ್ಬಾರ್ದಾ? ಮಗಳನ್ನ ನೋಡಿ ಏನ್ ಕೇಳ್ತಾಳೆ? 'ಊಟ ಆಯ್ತಾ?'"

ಕೊನೆಯ ಮಾತನ್ನು ಮೂಗಿನಲ್ಲಿ ಎಳೆದು ಹೇಳಿದಳು. ಅಂಗಡಿಗೆ ಅಂಗಡಿಯೇ ನಕ್ಕಿತು. ಬದುಕಿನಲ್ಲಿ ಮೊದಲ ಸಲ ಇಷ್ಟು ಜನ ತನ್ನ ಮಾತಿಗೆ ನಗುತ್ತಿದ್ದಾರೆ. ಅದು ಸಿಹಿಯಾಗಿತ್ತು, ನಿಂತೇ ಇರೋಣ ಎನ್ನುವಷ್ಟು.

ಲೇಖಕನೂ ನಗಲು ನೋಡಿದ. "ನೀವು ಹೇಳಿದ್ರಲ್ಲಿ ತಪ್ಪಿಲ್ಲ ಅಮ್ಮ. ಬರೆಯುವಾಗ ನನಗೂ ಅನುಮಾನ ಇತ್ತು," ಎಂದು ನೀರಿನ ಲೋಟ ಎತ್ತಿಕೊಂಡ. ಅವಳು ಗೆದ್ದವಳಂತೆ ಕೂತಳು. ಪಕ್ಕದ ಕುರ್ಚಿಯಲ್ಲಿ ಹುಡುಗಿ ಶೂ ದಾರ ಬಿಚ್ಚಿ ಕಟ್ಟಿ ಮಾಡುತ್ತಿದ್ದಳು.

ಮನೆಗೆ ಬಂದರೂ ಗೆಲುವು ಇಳಿದಿರಲಿಲ್ಲ. ಊಟಕ್ಕೆ ಕೂತಾಗ ಅಣ್ಣನಿಗೆ ಎಲ್ಲವನ್ನೂ ಮತ್ತೆ ಅಭಿನಯಿಸಿ ತೋರಿಸಿದಳು. 'ಊಟ ಆಯ್ತಾ' ಎಂದು ಮೂಗೆಳೆದದ್ದೇ, ಹುಡುಗಿ ತಟ್ಟೆ ಬಿಟ್ಟು ಎದ್ದು ಹೋದಳು. ಕೋಣೆಯ ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು.

"ಏನಾಯ್ತು ಇವಳಿಗೆ?"

ಅಣ್ಣ ತುತ್ತು ಕೆಳಗಿಟ್ಟ. "ಕಡೇ ದಿನಗಳಲ್ಲಿ ನಿನ್ನ ಅತ್ತಿಗೆಗೆ ಮಾತೇ ನಿಂತ ಹಾಗಿತ್ತು. ಮೂಗಿಗೆ ಆಕ್ಸಿಜನ್ ಮಾಸ್ಕ್ ಹಾಕಿದ್ರು. ಪುಟ್ಟಿ ಆಸ್ಪತ್ರೆಗೆ ಬಂದಾಗ ಮಾತ್ರ ಅದನ್ನ ಸರಿಸಿ ಕೇಳೋಳು, ಊಟ ಆಯ್ತಾ ಅಂತ. ಬೇರೆ ಏನೂ ಕೇಳ್ತಿರ್ಲಿಲ್ಲ. ನೀನು ಆಗ ನಮ್ಮ ಜೊತೆ ಇರ್ಲಿಲ್ಲ ಬಿಡು, ನಿಂಗೆ ಗೊತ್ತಾಗೋದು ಹೇಗೆ?"

ಅಣ್ಣ ಬೈದಿದ್ದರೆ ಹಗುರವಾಗುತ್ತಿತ್ತು. ಅವನು ಕ್ಷಮಿಸಿಬಿಟ್ಟ. ತಾನು ಮೂಗೆಳೆದ ಸ್ವರ ಅವಳ ಕಿವಿಯಲ್ಲಿ ಹಾಗೇ ಉಳಿದುಕೊಂಡಿತ್ತು.

ಬೆಳಿಗ್ಗೆ ಹುಡುಗಿ ಜಡೆ ಹಾಕಿಕೊಳ್ಳುತ್ತಿದ್ದಾಗ ಬಾಗಿಲಲ್ಲಿ ನಿಂತು, "ಪುಟ್ಟೀ, ತಪ್ಪಾಯ್ತು ಕಣೇ," ಎಂದಳು. "ಅದು ನಿಂಗೆ ಇಷ್ಟ ಅಂತ ಒಂದು ಮಾತು ಹೇಳಿದ್ರೆ..."

"ಹೇಗೆ ಹೇಳ್ಲಿ? ನೀನು ನಗ್ತಿದ್ದೆ, ನಾನೂ ನಕ್ಕೆ. ಆ ಪುಸ್ತಕ ಚೆನ್ನಾಗಿಲ್ಲ ಅಂತ ನನಗೂ ಗೊತ್ತು ಅತ್ತೆ. ಆದ್ರೂ ಆ ಒಂದು ಪುಟ ಮತ್ತೆ ಮತ್ತೆ ಓದ್ತಿದ್ದೆ. ನಿನಗೆ ಗೊತ್ತಾದ್ರೆ ಪೆದ್ದಿ ಅಂತೀಯ ಅಂತ ಬಚ್ಚಿಟ್ಕೊಂಡು ಓದ್ತಿದ್ದೆ."

ಮನೆಗೆ ಮಾತು ತಂದವಳು ತಾನು ಎಂದು ಅತ್ತೆ ಒಳಗೊಳಗೇ ಬೀಗಿದ್ದಳು. ಅದೇ ಮನೆಯಲ್ಲಿ ಹುಡುಗಿ ತನ್ನ ತಾಯಿಯನ್ನು ನೆನೆಯಲು ತನಗೆ ಹೆದರಿ ಅವಿತಿದ್ದಳು.

ಅಂಗಡಿಗೆ ಹೋಗುವ ದಾರಿಯಲ್ಲಿ ಪುಸ್ತಕದಂಗಡಿಯವನು ಕೈಬೀಸಿ ಕರೆದ. "ಅಕ್ಕಾ, ನಿನ್ನೆ ಏನ್ ಕೇಳಿದ್ರಿ ನೀವು! ಜನ ಇನ್ನೂ ಅದನ್ನೇ ಹೇಳ್ಕೊಂಡು ನಗ್ತಿದ್ದಾರೆ."

ನೆಲ ಬಿರಿದು ಒಳಗೆ ಹೋಗುವಂತಿದ್ದರೆ ಹೋಗಿಬಿಡುತ್ತಿದ್ದಳು. "ಆ ಲೇಖಕರು ಮತ್ತೆ ಸಿಕ್ಕಿದ್ರೆ ನನ್ನ ಪರವಾಗಿ ಒಂದು ಮಾತು ಹೇಳ್ತೀಯಪ್ಪಾ?"

"ಏನಂತ ಹೇಳ್ಲಿ?"

ಪುಸ್ತಕ ಚೆನ್ನಾಗಿದೆ ಎಂದರೆ ಸುಳ್ಳು. ಚೆನ್ನಾಗಿಲ್ಲ ಎಂದು ಆಗಲೇ ಹೇಳಿಯಾಗಿತ್ತು. ಮಕ್ಕಳ ಮುಂದೆಯೂ ಮೈಕನ್ನು ಅವುಚಿ ನಿಲ್ಲುವ ಮನುಷ್ಯನನ್ನು ಮೂಗೆಳೆದು ಅಣಕಿಸಿದ್ದಕ್ಕೆ ಏನೆಂದು ಹೇಳಿ ಕಳಿಸುವುದು? "ಬೇಡ ಬಿಡು," ಎಂದು ನಡೆದಳು. ಅಂದು ಎರಡು ಗಾಜಿನ ಅಂಚು ಹಾಳು ಮಾಡಿದಳು.

ಆರನೆಯ ಪುಸ್ತಕ ಬಂದದ್ದು ಹುಡುಗಿ ಕಾಲೇಜು ಸೇರಿದ ಮೇಲೆ. ಅದನ್ನು ತಂದ ಹುಡುಗಿ ಮೊದಲೇ ಹೇಳಿದಳು: "ಈ ಸಲ ಮೊದಲು ನಾನು ಓದ್ತೀನಿ. ಮುಗಿಯೋವರೆಗೂ ಏನೂ ಕೇಳ್ಬೇಡ."

"ಕೇಳಲ್ಲ."

ತನ್ನ ಸರದಿ ಬಂದಾಗ ಅತ್ತೆ ಒಂದು ಪುಟವನ್ನೂ ಹಾರಿಸದೆ ಓದಿದಳು. ಐದನೆಯದೇ ವಾಸಿ ಎನ್ನುವ ಹಾಗಿತ್ತು. ಮುಚ್ಚಿ ಮೇಜಿನ ಮೇಲಿಟ್ಟಳು.

"ಹೇಗಿದೆ ಅತ್ತೆ?"

"ನಿಂಗೆ ಹೇಗನ್ಸಿತು, ಮೊದಲು ಅದನ್ನ ಹೇಳು."

"ಥೂ, ದರಿದ್ರವಾಗಿದೆ," ಎಂದು ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಿಜವಾದ ನಗುವೇ ಅದು. ಆದರೂ ಅತ್ತೆ ಅವಳ ಮುಖವನ್ನೇ ನೋಡುತ್ತಿದ್ದಳು, ಈ ನಗುವೂ ತನ್ನನ್ನು ಮೆಚ್ಚಿಸಲಿಕ್ಕೋ ಏನೋ ಎಂದು. "ಹೌದು, ಅಷ್ಟೇನೂ ಚೆನ್ನಾಗಿಲ್ಲ," ಎಂದು ಮೆಲ್ಲಗೆ ಹೇಳಿ, ಒಣಗಿದ ಬಟ್ಟೆ ಮಡಚಲು ಒಳಗೆ ಹೋದಳು.