ಅಮಾವಾಸ್ಯೆಯ ದಿನ ಬಂದ ಲಕೋಟೆ

ಗಾವಡಗೆರೆಯ ಅಂಗಡಿ ಕಂಠಪ್ಪನ ಹತ್ತಿರ ಬೆಲ್ಲ ಕೊಂಡವರು ಬುದ್ಧಿಮಾತನ್ನೂ ಕಟ್ಟಿಸಿಕೊಂಡೇ ಬರಬೇಕಿತ್ತು. ಯಾರ ಮನೆಗೆ ಹೋಗಬೇಕು, ಯಾರ ಮನೆಗೆ ಹೋಗಬಾರದು, ಎಲ್ಲಕ್ಕೂ ಅವನಲ್ಲಿ ಉತ್ತರವಿತ್ತು. ಕೆಟ್ಟವನಲ್ಲ, ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಸುತ್ತಲ ಹಳ್ಳಿಗಳ ಕಾಗದಗಳನ್ನು ಅಂಚೆಯವನು ಅವನ ಅಂಗಡಿಯಲ್ಲೇ ಇಟ್ಟು ಹೋಗುತ್ತಿದ್ದ. ಸಂತೆಗೆ ಬಂದವರು ಒಯ್ಯುತ್ತಿದ್ದರು.

ಒಂದು ವರ್ಷ ಗೌರಿ ಹಬ್ಬಕ್ಕೆ ಸುಣ್ಣ ಬಳಿಯಲೆಂದು ಲಕ್ಷ್ಮಿಯ ಪಟ ಇಳಿಸಿದಾಗ ಹಿಂದಿನಿಂದ ಒಂದು ಲಕೋಟೆ ಬಿತ್ತು. ಮೂಲೆಗಳಲ್ಲಿ ಅರಿಶಿನವಿತ್ತು. ವಿಳಾಸವನ್ನೂ ಒಳಗಿನ ಕಾಗದವನ್ನೂ ಗೆದ್ದಲು ತಿಂದಿತ್ತು. ಉಳಿದದ್ದು ಅಂಚೆಯ ಠಸ್ಸೆ ಮಾತ್ರ: ಸಂಗಾಪೇಟೆ. ಕನ್ನಂಬಾಡಿ ಕಟ್ಟೆಯ ನೀರಿನಲ್ಲಿ ಮುಳುಗಿಹೋದ ಊರು.

ಕಂಠಪ್ಪನಿಗೆ ನೆನಪಾಯಿತು. ಶುಭದ ಕಾಗದ ಅಮಾವಾಸ್ಯೆಯ ದಿನ ಬಂದಿತ್ತು. ಇಂಥ ದಿನ ಕೊಡಬಾರದು, ಕಳೆದ ಮೇಲೆ ಕೊಟ್ಟರಾಯಿತು ಎಂದು ತಾನೇ ದೇವರ ಪಟಕ್ಕೆ ಸಿಕ್ಕಿಸಿದ್ದ. ಅದು ಹಿಂದಕ್ಕೆ ಜಾರಿತು, ಇವನು ಮರೆತ.

ಯಾರಿಗೆ ಬಂದದ್ದೆಂದು ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಹೊಳೆದದ್ದು ಪಕ್ಕದ ಹಳ್ಳಿಯ ದೊಡ್ಡಮಾದಯ್ಯನ ಮುಖ. ಅವನ ಅಕ್ಕನನ್ನು ಸಂಗಾಪೇಟೆಗೆ ಕೊಟ್ಟಿತ್ತು. ಹಿಂದೊಮ್ಮೆ ಅವನು ಇದೇ ಪಟದ ಕೆಳಗೆ ಕೂತು ಕೇಳಿದ್ದ:

"ಅಕ್ಕನ ಮಗಳ ಮದ್ವೆಯಂತೆ ಕಣಣ್ಣ. ನಂಗೆ ಕಾಗ್ದಾನೇ ಬರ್ನಿಲ್ಲ. ಸ್ವಾದರಮಾವ ಇಲ್ದೆ ಎಣ್ಣು ಅಸೆಮಣೆ ಅತ್ತೋದೆಂಗೆ? ಓಗ್ಲಾ, ಬ್ಯಾಡ್ವಾ?"

"ಕರೀದೋರ ಮನ್ಗೆ ಓದೀಯೇನ್ಲಾ? ಮಾನ ಇಲ್ವಾ? ಬುಡು ಅತ್ಲಾಗೆ," ಎಂದಿದ್ದ ಕಂಠಪ್ಪ.

ದೊಡ್ಡಮಾದಯ್ಯ ಹೋಗಲಿಲ್ಲ. ಅಕ್ಕ ತಮ್ಮ ಮತ್ತೆ ಮುಖ ನೋಡಲಿಲ್ಲ. ಹೋದ ವರ್ಷ ಅವನು ತೀರಿಕೊಂಡ.

ಸಂಗಾಪೇಟೆಗೆ ಹೆಣ್ಣು ಕೊಟ್ಟವನು ಅವನೊಬ್ಬನೇ ಅಲ್ಲವಲ್ಲ! ಇದು ಬೇರೆ ಯಾರದಾದರೂ ಆಗಲಿ ಎಂದು ಮನೆದೇವರಿಗೆ ಹರಕೆ ಹೊತ್ತು ಕಂಠಪ್ಪ ಗಾಡಿ ಕಟ್ಟಿದ. ಮುಳುಗಡೆಯವರು ಹೊಸ ಅಗ್ರಹಾರದ ಕಡೆ ಮನೆ ಕಟ್ಟಿಕೊಂಡಿದ್ದರು. ಮನೆಮನೆಗೂ ಲಕೋಟೆ ಹಿಡಿದು ಹೋದ. ನಾವು ಖುದ್ದಾಗಿ ಹೋಗಿ ಕರೆದವರು, ಇದು ನಮ್ಮದಲ್ಲ ಎಂದರು ಎಲ್ಲರೂ. ಕೊನೆಯ ಮನೆಯಲ್ಲಿ ರಾಗಿ ಕೇರುತ್ತಿದ್ದ ಮುದುಕಿಯೊಬ್ಬಳು ಮೊರ ಕೆಳಗಿಟ್ಟಳು. ಅವಳೇ ದೊಡ್ಡಮಾದಯ್ಯನ ಅಕ್ಕ ಚಿಕ್ಕಸಿದ್ದಮ್ಮ.

"ನಂದೇ ಕಣಪ್ಪ. ಈ ಅರಿಶಿನ ನಾನೇ ಒತ್ತಿದ್ದು. ಊರೆಲ್ಲ ಮನೆ ಕೀಳೋ ಗಲಾಟೇಲಿತ್ತು, ಬಂದು ಕರೆಯಾಕೆ ಆಗ್ನಿಲ್ಲ. ಮೂರ್ತ ಮೀರೋಗಂಟ ದೊಡ್ಡಮಾದನ ದಾರಿ ಕಾಯ್ದೆ. ಆ ಸಿಟ್ಗೆ ಅವನ ಮಣ್ಣಿಗೂ ಓಗ್ನಿಲ್ಲ ನಾನು." ಲಕೋಟೆಯ ಮೂಲೆಯನ್ನು ಬೆರಳಿನಿಂದ ಸವರಿದಳು. "ಕಾಗ್ದ ಸಿಕ್ದಿದ್ರೂ ಸುದ್ದಿ ಮುಟ್ಟಿರ್ತದೆ. ಅಕ್ಕನ ಮನ್ಗೆ ಬರಾಕೆ ಕರೀಬೇಕಾ? ಅವನು ಅಂಗೆ ಬಿಗುಮಾನದೋನಲ್ಲ. ಯಾರು ಕಿವಿ ಊದಿದ್ರೋ."

ಅಂಚೆಯವನ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಅಷ್ಟು ಮಾತು ಬಲ್ಲವನಿಗೆ ಅದೇನು ಕಷ್ಟ? ಆದರೆ ಸುಳ್ಳು ಹೇಳಲು ಕಂಠಪ್ಪನಿಗೆ ಮನಸ್ಸು ಬರಲಿಲ್ಲ.

"ನಾನೇ ಕಣವ್ವ," ಎಂದ ಕೊನೆಗೆ. "ಕಾಗ್ದ ಮಡಿಕ್ಕಂಡೋನೂ ನಾನೇ, ಓಗ್ಬ್ಯಾಡ ಅಂದೋನೂ ನಾನೇ."

ಚಿಕ್ಕಸಿದ್ದಮ್ಮ ಲಕೋಟೆಯನ್ನು ಮಡಿಲಿಗೆ ಹಾಕಿಕೊಂಡು ಎದ್ದಳು.

"ಗಾಡಿ ಕಟ್ಟು. ಅವನ್ನ ಮಣ್ಣು ಮಾಡಿರೋ ತಾವ ಬುಡು ನನ್ನ."

ದಾರಿಯುದ್ದಕ್ಕೂ ಕಂಠಪ್ಪ ಬಾಯಿ ಬಿಡಲಿಲ್ಲ. ಅವಳು ಎರಡು ಮಾತು ಬೈದಿದ್ದರೂ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಗಾವಡಗೆರೆ ದಾಟಿ ದೊಡ್ಡಮಾದಯ್ಯನ ಹಳ್ಳಿ ಬಂದರೂ ಅವಳು ಬೈಯಲೇ ಇಲ್ಲ.